ಗುಜರಿ ಅಂಗಡಿಗೂ ಬೇಕು ಲೆಕ್ಕಪತ್ರ: ಹಳೆ ವಾಹನ ಬಿಚ್ಚುವ ವ್ಯಾಪಾರವನ್ನು ಕಾನೂನಿನಂತೆ ನಡೆಸುವುದು ಹೇಗೆ?

ಆರು ವರ್ಷಗಳ ಹಿಂದೆ ಅಪ್ಪನ ಹಳೆಯ ಸ್ಕೂಟರನ್ನು ತೂಕಕ್ಕೆ ಹಾಕಿದೆ. ಮಂಡ್ಯದ ಒಂದು ಗುಜರಿ ಅಂಗಡಿಯವರು ಅದನ್ನು ತಕ್ಕಡಿಗೆ ಏರಿಸಿ, ದುಡ್ಡು ಎಣಿಸಿ ಕೊಟ್ಟರು. ಆರ್‌ಸಿ ಬೇಕೇ ಎಂದು ಕೇಳಿದ್ದಕ್ಕೆ, ‘ಗಾಡಿಯೇ ಇಲ್ಲದ ಮೇಲೆ ಆರ್‌ಸಿ ಯಾಕೆ ಸ್ವಾಮಿ, ಮನೆಯಲ್ಲೇ ಇರಲಿ’ ಎಂದರು. ಹದಿನಾಲ್ಕು ತಿಂಗಳ ನಂತರ ಪಕ್ಕದ ಜಿಲ್ಲೆಯ ಪೊಲೀಸ್ ಠಾಣೆಯಿಂದ ಅಪ್ಪನಿಗೆ ಕರೆ ಬಂತು. ಯಾರಿಗೋ ಗುದ್ದಿ ಓಡಿಹೋಗಿದ್ದ ಇನ್ನೊಂದು ಸ್ಕೂಟರಿನ ಹೊಟ್ಟೆಯಲ್ಲಿ ನಮ್ಮ ಎಂಜಿನ್ ಇತ್ತು. ಎಪ್ಪತ್ತೆರಡು ವರ್ಷದ ಅಪ್ಪ ಎರಡು ದಿನ ಠಾಣೆಯ ಬೆಂಚಿನ ಮೇಲೆ ಕುಳಿತರು. ಸ್ಕೂಟರ್ ಮಾರಿದ್ದೇವೆ ಎಂದು ತೋರಿಸಲು ನಮ್ಮ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಅಂಗಡಿಯವರು ಮೋಸ ಮಾಡಿದರು ಎಂದು ನಾನು ಇಂದಿಗೂ ಹೇಳಲಾರೆ. ಬಿಚ್ಚಿದ ಎಂಜಿನ್ ಚೆನ್ನಾಗಿತ್ತು, ಕೇಳಿದವರಿಗೆ ಮಾರಿದರು. ಆದರೆ ಆ ಸ್ಕೂಟರ್ ‘ಸತ್ತಿದೆ’ ಎಂದು ಸರ್ಕಾರಕ್ಕೆ ಯಾರೂ ತಿಳಿಸಿರಲಿಲ್ಲ. ಮನುಷ್ಯ ತೀರಿಕೊಂಡರೆ ಮರಣ ಪ್ರಮಾಣಪತ್ರ ಮಾಡಿಸುತ್ತೇವೆ. ವಾಹನಕ್ಕೂ ಅಂಥದೇ ಒಂದು ಕಾಗದ ಬೇಕು. ಆ ಕಾಗದವನ್ನು ಕೊಡುವ ಅಧಿಕಾರ ಯಾರಿಗಿದೆ, ಅದನ್ನು ಪಡೆಯುವುದು ಹೇಗೆ ಎಂಬುದೇ ಈ ವ್ಯಾಪಾರದ ಪರವಾನಗಿಯ ತಿರುಳು. ಮೈಸೂರು, ಮಂಡ್ಯದ ಕಡೆ ಗುಜರಿ ವ್ಯಾಪಾರ ಮಾಡುತ್ತಿರುವವರಿಗೆ ಮತ್ತು ಹೊಸದಾಗಿ ಇಳಿಯಬೇಕೆಂದಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ವಾಹನ ಕೊಡುವವರೂ ಬಿಡಿಭಾಗ ಕೊಳ್ಳುವವರೂ ಕೊನೆಯ ಭಾಗವನ್ನು ತಪ್ಪದೆ ಓದಬೇಕು.

ಮೊದಲು ನಿಮ್ಮ ವ್ಯಾಪಾರ ಯಾವುದೆಂದು ತೀರ್ಮಾನಿಸಿ

ಇಲ್ಲಿ ಎರಡು ಬೇರೆ ಬೇರೆ ಕಸುಬುಗಳಿವೆ. ಗ್ಯಾರೇಜುಗಳಿಂದ ಹಳೆಯ ಬಿಡಿಭಾಗ, ತಗಡು, ಕಬ್ಬಿಣ ಕೊಂಡು ಮಾರುವುದು ಒಂದು. ಇಡೀ ವಾಹನವನ್ನು ಒಳಗೆ ತೆಗೆದುಕೊಂಡು, ಬಿಚ್ಚಿ, ಅದರ ನೋಂದಣಿ ರದ್ದಾಗುವಂತೆ ಪ್ರಮಾಣಪತ್ರ ಕೊಡುವುದು ಇನ್ನೊಂದು.

ಮೊದಲನೆಯದಕ್ಕೆ ನಿಮ್ಮ ಪಾಲಿಕೆ, ನಗರಸಭೆ ಅಥವಾ ಗ್ರಾಮ ಪಂಚಾಯಿತಿಯ ಉದ್ದಿಮೆ ಪರವಾನಗಿ, ಜಿಎಸ್‌ಟಿ ನೋಂದಣಿ ಮತ್ತು ಸರಿಯಾದ ಖರೀದಿ ಪುಸ್ತಕ ಇರಬೇಕು. 2024ರ ಅಕ್ಟೋಬರ್ 10ರಿಂದ ಒಂದು ಬದಲಾವಣೆಯಾಗಿದೆ: ಜಿಎಸ್‌ಟಿ ನೋಂದಣಿ ಇಲ್ಲದವರಿಂದ ಲೋಹದ ಗುಜರಿ ಕೊಂಡರೆ, ಅದರ ತೆರಿಗೆಯನ್ನು ಕೊಂಡ ನೋಂದಾಯಿತ ವ್ಯಾಪಾರಿಯೇ ಕಟ್ಟಬೇಕು. ಬೀದಿ ಬೀದಿ ಸುತ್ತಿ ಗುಜರಿ ತರುವವರಿಂದ ಕೊಳ್ಳುವವರು ಇದನ್ನು ಮರೆತು ಆಮೇಲೆ ಒದ್ದಾಡುತ್ತಾರೆ.

ಎರಡನೆಯದಕ್ಕೆ ಉದ್ದಿಮೆ ಪರವಾನಗಿ ಸಾಲದು. ಕೇಂದ್ರ ಸರ್ಕಾರ 2021ರ ಸೆಪ್ಟೆಂಬರಿನಲ್ಲಿ ವಾಹನ ಗುಜರಿ ಘಟಕಗಳ ನೋಂದಣಿಗೆಂದೇ ನಿಯಮಗಳನ್ನು ತಂದಿತು. ಅದರ ಪ್ರಕಾರ ‘ನೋಂದಾಯಿತ ವಾಹನ ಗುಜರಿ ಘಟಕ’ ಎಂಬ ಮಾನ್ಯತೆ ಪಡೆದವರು ಮಾತ್ರ ಆ ಪ್ರಮಾಣಪತ್ರ ಕೊಡಬಹುದು. ನೋಂದಣಿ ಕೊಡುವುದು ರಾಜ್ಯದ ಸಾರಿಗೆ ಇಲಾಖೆ. ನಲವತ್ತು ವರ್ಷಗಳಿಂದ ಅಂಗಡಿ ನಡೆಸುತ್ತಿದ್ದೇವೆ ಎಂಬುದು ಈ ಮಾನ್ಯತೆಗೆ ಬದಲಾಗುವುದಿಲ್ಲ.

ಬಂಡವಾಳ ಸಾಲದವರು ಏನು ಮಾಡಬೇಕು? ನನ್ನ ಸಲಹೆ ಇದು: ನಾಲ್ಕೈದು ಅಂಗಡಿಯವರು ಸೇರಿ ಒಂದು ಪಾಲುದಾರಿಕೆ ಸಂಸ್ಥೆ ಮಾಡಿಕೊಳ್ಳಿ. ಅದು ಆಗದಿದ್ದರೆ ಇಡೀ ವಾಹನಕ್ಕೆ ಕೈ ಹಾಕಬೇಡಿ, ಮಾನ್ಯತೆ ಪಡೆದ ಘಟಕದಿಂದ ಬಿಲ್ ಸಮೇತ ಬಿಡಿಭಾಗ ಕೊಂಡು ಮಾರಿ. ಬಿಚ್ಚುವ ಕೈಚಳಕ ಇರುವುದು ನಮ್ಮ ಗುಜರಿ ಬೀದಿಗಳಲ್ಲೇ. ಆ ಅನುಭವ ಕಾನೂನಿನ ಹೊರಗೆ ಉಳಿದು ಹಾಳಾಗಬಾರದು.

ಜಾಗ: ಕಾಂಕ್ರೀಟ್ ನೆಲವಿಲ್ಲದೆ ಮುಂದೆ ಹೋಗಬೇಡಿ

ಮನೆಗಳ ನಡುವೆ, ರಸ್ತೆಯಂಚಿನಲ್ಲಿ ಈ ಕೆಲಸ ಆಗುವುದಿಲ್ಲ. ಕೈಗಾರಿಕಾ ವಲಯದ ಜಾಗ ಬೇಕು. ಮೈಸೂರಿನಲ್ಲಿ ಹೆಬ್ಬಾಳ, ಕಡಕೊಳ, ನಂಜನಗೂಡಿನ ಕಡೆ, ಮಂಡ್ಯ ಜಿಲ್ಲೆಯಲ್ಲಿ ತೂಬಿನಕೆರೆ, ಮದ್ದೂರಿನ ಸೋಮನಹಳ್ಳಿ ಕೈಗಾರಿಕಾ ಪ್ರದೇಶಗಳಲ್ಲಿ ವಿಚಾರಿಸಿ. ಸ್ವಂತ ಕೃಷಿ ಜಮೀನಿದ್ದರೆ ಮೊದಲು ಕೈಗಾರಿಕಾ ಉದ್ದೇಶಕ್ಕೆ ಭೂ ಪರಿವರ್ತನೆ ಮಾಡಿಸಬೇಕು. ಎಷ್ಟು ಬಗೆಯ ವಾಹನ ತೆಗೆದುಕೊಳ್ಳುತ್ತೀರಿ ಎಂಬುದರ ಮೇಲೆ ಜಾಗದ ಅಳತೆ ನಿಂತಿದೆ. ಬೈಕಿಗೆ ಸಾಕಾಗುವ ಅಂಗಳ ಲಾರಿಗೆ ಸಾಲದು.

ನೆಲದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಾಲೆಯ ಪಕ್ಕದ ಒಂದು ಗುಜರಿ ಅಂಗಳದಲ್ಲಿ ಮಳೆ ನಿಂತ ಮರುದಿನ ನೋಡಿದ್ದೇನೆ. ಮಣ್ಣಿನ ಮೇಲೆ ನಿಂತ ನೀರಿನಲ್ಲಿ ಕಾಮನಬಿಲ್ಲಿನ ಬಣ್ಣಗಳು ತೇಲುತ್ತಿದ್ದವು. ಅದು ಎಂಜಿನ್ ಆಯಿಲ್. ಆ ನೀರು ಚರಂಡಿಗೆ, ಚರಂಡಿಯಿಂದ ಗದ್ದೆಗೆ. ವಿಶ್ವೇಶ್ವರಯ್ಯ ನಾಲೆಯ ನೀರು ಕಂಡ ಮಂಡ್ಯದ ಗದ್ದೆಗಳಲ್ಲಿ ಸ್ವಲ್ಪ ಅಗೆದರೆ ನೀರು ಸಿಗುತ್ತದೆ. ಮೇಲೆ ಸುರಿದ ಎಣ್ಣೆ ಕೆಳಗೆ ಇಳಿಯಲು ಹೆಚ್ಚು ದೂರವಿಲ್ಲ. ಆದ್ದರಿಂದಲೇ ವಾಹನ ಬಿಚ್ಚುವ ಜಾಗಕ್ಕೆ ಎಣ್ಣೆ ಹೀರದ ಗಟ್ಟಿ ಕಾಂಕ್ರೀಟ್ ನೆಲ, ಅದರ ಸುತ್ತ ಚರಂಡಿ, ಚರಂಡಿಯ ಕೊನೆಗೆ ಎಣ್ಣೆ ಮತ್ತು ನೀರನ್ನು ಬೇರ್ಪಡಿಸುವ ತೊಟ್ಟಿ ಬೇಕು. ಬ್ಯಾಟರಿ ಇಡುವ ಜಾಗಕ್ಕೆ ಸೂರು ಬೇಕು, ಆಮ್ಲ ತಡೆಯುವ ನೆಲ ಬೇಕು. ಖರ್ಚು ಉಳಿಸಲು ಹೋಗಬಾರದ ಜಾಗ ಇದೊಂದೇ.

ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ

ಕಟ್ಟಡ ಎಬ್ಬಿಸುವ ಮೊದಲೇ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಸ್ಥಾಪನಾ ಸಮ್ಮತಿ ಪಡೆಯಬೇಕು. ಕಟ್ಟಿದ ಮೇಲೆ, ಕೆಲಸ ಶುರು ಮಾಡುವ ಮೊದಲು, ಕಾರ್ಯಾಚರಣೆಯ ಸಮ್ಮತಿ. 1974ರ ಜಲ ಕಾಯ್ದೆ ಮತ್ತು 1981ರ ವಾಯು ಕಾಯ್ದೆಗಳ ಅಡಿ ಇವು ಬರುತ್ತವೆ. ಹಳೆಯ ಆಯಿಲ್ ಅಪಾಯಕಾರಿ ತ್ಯಾಜ್ಯವಾದ್ದರಿಂದ 2016ರ ನಿಯಮಗಳಂತೆ ಅದಕ್ಕೆ ಪ್ರತ್ಯೇಕ ಅನುಮತಿಯೂ ಬೇಕು.

ಇದರ ಜೊತೆಗೆ, ಬಳಕೆ ಮುಗಿದ ವಾಹನಗಳ ಬಗ್ಗೆ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ನಿಯಮಗಳು 2025ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಅವುಗಳ ಪ್ರಕಾರ ಗುಜರಿ ಘಟಕ ರಾಜ್ಯ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಇದನ್ನು ಇನ್ನೊಂದು ಹೊರೆ ಎಂದು ತಿಳಿಯಬೇಡಿ, ಇದರಲ್ಲಿ ಆದಾಯವಿದೆ. ವಾಹನ ತಯಾರಿಸುವ ಕಂಪನಿಗಳು ತಾವು ಹಿಂದೆ ಮಾರುಕಟ್ಟೆಗೆ ಬಿಟ್ಟ ವಾಹನಗಳಲ್ಲಿದ್ದ ಉಕ್ಕಿನಲ್ಲಿ ಕನಿಷ್ಠ ಶೇ 8ರಷ್ಟನ್ನು ಮೊದಲ ಐದು ವರ್ಷ ಗುಜರಿಯ ಮೂಲಕ ಮರಳಿ ಪಡೆದಿರುವುದನ್ನು ತೋರಿಸಬೇಕು. ಮುಂದೆ ಅದು ಶೇ 13ಕ್ಕೆ, ಆಮೇಲೆ ಶೇ 18ಕ್ಕೆ ಏರುತ್ತದೆ. ನೀವು ತೆಗೆದ ಉಕ್ಕಿನ ಲೆಕ್ಕಕ್ಕೆ ಸಿಗುವ ಪ್ರಮಾಣಪತ್ರವನ್ನು ಆ ಕಂಪನಿಗಳು ಕೊಳ್ಳುತ್ತವೆ. ಲೆಕ್ಕ ಇಲ್ಲದ ಅಂಗಡಿಗೆ ಈ ದುಡ್ಡು ಬರುವುದಿಲ್ಲ.

ಮಂಡ್ಯದ ರೈತರು ಕೇಳುವ ಪ್ರಶ್ನೆಗೆ ಉತ್ತರ: ಟ್ರ್ಯಾಕ್ಟರ್, ಅದರ ಟ್ರೇಲರ್, ಕಟಾವು ಯಂತ್ರ, ಪವರ್ ಟಿಲ್ಲರ್ ಈ 2025ರ ನಿಯಮಗಳ ವ್ಯಾಪ್ತಿಗೆ ಬರುವುದಿಲ್ಲ.

ಸಾರಿಗೆ ಇಲಾಖೆಗೆ ಅರ್ಜಿ

ಅರ್ಜಿ ಆನ್‌ಲೈನ್‌ನಲ್ಲೇ ಸಲ್ಲಿಕೆಯಾಗುತ್ತದೆ. ಶುಲ್ಕ 1 ಲಕ್ಷ ರೂಪಾಯಿ. ಅದಲ್ಲದೆ ಪ್ರತಿ ಘಟಕಕ್ಕೆ 10 ಲಕ್ಷ ರೂಪಾಯಿಯ ಬ್ಯಾಂಕ್ ಖಾತರಿ ಕೊಡಬೇಕು. ಪ್ಯಾನ್, ಜಿಎಸ್‌ಟಿ, ಜಾಗದ ದಾಖಲೆ, ಮಂಡಳಿಯ ಸಮ್ಮತಿ ಪತ್ರ ಮೊದಲೇ ಸಿದ್ಧವಿರಲಿ. ಅಧಿಕಾರಿಗಳು ಸ್ಥಳ ಪರಿಶೀಲನೆಗೆ ಬರುತ್ತಾರೆ. ಅರ್ಜಿಯನ್ನು 60 ದಿನಗಳಲ್ಲಿ ಇತ್ಯರ್ಥಪಡಿಸಬೇಕು ಎಂದು ನಿಯಮವಿದೆ. ಆ ದಿನಾಂಕವನ್ನು ನೀವೂ ಬರೆದಿಟ್ಟುಕೊಳ್ಳಿ. ಸಿಕ್ಕ ನೋಂದಣಿ 10 ವರ್ಷ ಊರ್ಜಿತ, ಆಮೇಲೆ ನವೀಕರಿಸಬಹುದು. ಅದನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ‘ಲೈಸೆನ್ಸ್ ಬಾಡಿಗೆಗೆ ಕೊಡುತ್ತೇನೆ’ ಎಂದು ಬರುವವರನ್ನು ನಂಬಬೇಡಿ.

ವಾಹನಗಳ ರಾಷ್ಟ್ರೀಯ ದತ್ತಾಂಶವಾದ ‘ವಾಹನ್’ ವ್ಯವಸ್ಥೆಗೆ ನಿಮ್ಮ ಕಂಪ್ಯೂಟರ್ ಜೋಡಣೆಯಾಗುವುದರಿಂದ ಸೈಬರ್ ಸುರಕ್ಷತೆಯ ಪ್ರಮಾಣಪತ್ರ ಬೇಕು. ಅಂಗಳದಲ್ಲಿ ಸಿಸಿಟಿವಿ ಕ್ಯಾಮೆರಾ ಇರಬೇಕು.

ವಾಹನ ಬಾಗಿಲಿಗೆ ಬಂದಾಗ

ತಕ್ಕಡಿಗೆ ಏರಿಸುವ ಮೊದಲು ಆರ್‌ಸಿ ನೋಡಿ. ತಂದವರು ಮಾಲೀಕರೇ ಅಥವಾ ಮಾಲೀಕರಿಂದ ಅಧಿಕಾರ ಪತ್ರ ಪಡೆದವರೇ ಎಂದು ಗುರುತಿನ ಚೀಟಿಯೊಂದಿಗೆ ತಾಳೆ ಹಾಕಿ. ಬ್ಯಾಂಕಿನ ಸಾಲ ತೀರಿದೆಯೇ, ತೆರಿಗೆ ಅಥವಾ ದಂಡ ಬಾಕಿ ಇದೆಯೇ, ವಾಹನದ ಮೇಲೆ ಪ್ರಕರಣ ಇದೆಯೇ ಎಂಬುದು ವಾಹನ್ ವ್ಯವಸ್ಥೆಯಲ್ಲಿ ಕಾಣುತ್ತದೆ. ಕಳವಾದ ವಾಹನಗಳ ಪಟ್ಟಿಯನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ದತ್ತಾಂಶದಲ್ಲಿ ನೋಡಬೇಕು, ಸ್ಥಳೀಯ ಪೊಲೀಸರ ದಾಖಲೆಯನ್ನೂ ಕೇಳಬೇಕು. ಕದ್ದ ಮಾಲು ಎಂದು ತಿಳಿದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆವಾಸ ಆಗಬಹುದು.

ಎಲ್ಲ ಸರಿಯಿದ್ದರೆ, ವಾಹನವನ್ನು ಒಪ್ಪಿಸಿಕೊಂಡಿದ್ದಕ್ಕೆ ಗುರುತಾಗಿ ಮಾಲೀಕರಿಗೆ ‘ಠೇವಣಿ ಪ್ರಮಾಣಪತ್ರ’ ಕೊಡಿ. ಈ ಪತ್ರ ಇದ್ದರೆ ಹೊಸ ವಾಹನದ ನೋಂದಣಿ ಶುಲ್ಕ ಮಾಫಿಯಾಗುತ್ತದೆ. ಮೋಟಾರು ವಾಹನ ತೆರಿಗೆಯಲ್ಲೂ ಸ್ವಂತ ಬಳಕೆಯ ವಾಹನಕ್ಕೆ ಶೇ 25ರವರೆಗೆ, ಸಾರಿಗೆ ವಾಹನಕ್ಕೆ ಶೇ 15ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ಪಕ್ಕದ ಅಂಗಡಿ ಕಿಲೋಗೆ ಎರಡು ರೂಪಾಯಿ ಹೆಚ್ಚು ಕೊಡುತ್ತದೆ ಎನ್ನುವ ಗಿರಾಕಿಗೆ ಈ ಲೆಕ್ಕವನ್ನು ತಿಳಿಸಿ ಹೇಳಿ.

ಬಿಚ್ಚುವ ಕ್ರಮ

ಗ್ಯಾಸ್ ಕಟರ್ ಕೊನೆಗೆ. ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ ಹೊರಗೆ ತೆಗೆಯಬೇಕು. ಕಾರಿನಲ್ಲಿ ಏರ್‌ಬ್ಯಾಗ್ ಇದ್ದರೆ ತಿಳಿದವರಿಂದಲೇ ಅದನ್ನು ನಿಷ್ಕ್ರಿಯ ಮಾಡಿಸಬೇಕು, ಅದರೊಳಗೆ ಸಿಡಿಯುವ ವಸ್ತು ಇದೆ. ಆಮೇಲೆ ಟ್ಯಾಂಕಿನ ಪೆಟ್ರೋಲ್ ಅಥವಾ ಡೀಸೆಲ್ ಖಾಲಿ ಮಾಡಿ. ಎಲ್‌ಪಿಜಿ, ಸಿಎನ್‌ಜಿ ಸಿಲಿಂಡರ್ ಇದ್ದರೆ ಅನಿಲ ಪೂರ್ತಿ ಹೋಗುವವರೆಗೆ ಸುತ್ತಮುತ್ತ ಕಿಡಿ ಹಾರಬಾರದು. ಎಂಜಿನ್ ಆಯಿಲ್, ಗೇರ್ ಆಯಿಲ್, ಬ್ರೇಕ್ ಆಯಿಲ್, ಕೂಲೆಂಟ್ ಒಂದೊಂದಕ್ಕೂ ಬೇರೆ ಡಬ್ಬ, ಡಬ್ಬದ ಮೇಲೆ ಹೆಸರು ಮತ್ತು ದಿನಾಂಕ. ಎಸಿಯ ಅನಿಲವನ್ನು ಗಾಳಿಗೆ ಬಿಡದೆ ಯಂತ್ರದಿಂದ ಎಳೆದು ತುಂಬಿಸಿಕೊಳ್ಳಬೇಕು. ಬ್ಯಾಟರಿ ಮತ್ತು ಆಯಿಲ್ ಎರಡೂ ಮಾನ್ಯತೆ ಪಡೆದ ಮರುಬಳಕೆದಾರರಿಗೇ ಹೋಗಬೇಕು. ಒಲೆ ಉರಿಸಲು ಆಯಿಲ್ ಕೇಳಿಕೊಂಡು ಬರುವವರಿಗೆ ಕೊಡಬೇಡಿ.

ಇಷ್ಟು ಮುಗಿದ ಮೇಲೆ ಚಾಸಿ ನಂಬರ್ ಇರುವ ಲೋಹದ ತುಂಡನ್ನು ಕತ್ತರಿಸಿ ತೆಗೆಯಿರಿ. ಅಂಗೈ ಅಗಲದ ಆ ತುಂಡೇ ವಾಹನದ ಗುರುತು. ಅದು ಇನ್ನೊಂದು ಗಾಡಿಯ ಚೌಕಟ್ಟಿಗೆ ಬೆಸುಗೆಯಾದರೆ ಕಳವಿನ ಗಾಡಿ ಕಾನೂನಿನ ಗಾಡಿಯಾಗಿಬಿಡುತ್ತದೆ. ವಾಹನ ಗುಜರಿಯಾಯಿತು ಎಂಬುದಕ್ಕೆ ಮಾಲೀಕರಿಗೆ ಕೊಡುವ ಎರಡನೆಯ ಕಾಗದವೇ ‘ವಾಹನ ಗುಜರಿ ಪ್ರಮಾಣಪತ್ರ’. ಅದನ್ನು ಕೊಟ್ಟ ದಿನದಿಂದ ಆರು ತಿಂಗಳು ಆ ತುಂಡನ್ನು ಜೋಪಾನವಾಗಿ ಇಟ್ಟಿರಬೇಕು. ಒಂದು ತಂತಿಗೆ ಪೋಣಿಸಿ, ನೋಂದಣಿ ಸಂಖ್ಯೆ ಬರೆದ ಚೀಟಿ ಕಟ್ಟಿ, ಬೀಗವಿರುವ ಪೆಟ್ಟಿಗೆಯಲ್ಲಿಡಿ.

ಬಿಡಿಭಾಗ ಮಾರುವಾಗ

ಬಾಗಿಲು, ಬಂಪರ್, ಗೇರ್‌ಬಾಕ್ಸ್, ಆಲ್ಟರ್ನೇಟರ್, ಹೆಡ್‌ಲೈಟ್ ಚೆನ್ನಾಗಿದ್ದರೆ ಮಾರಬಹುದು, ಮಾರಬೇಕು ಕೂಡ. ಕರಗಿಸಿ ಮತ್ತೆ ಎರಕ ಹೊಯ್ಯುವುದಕ್ಕಿಂತ ಅದೇ ಭಾಗ ಇನ್ನೊಂದು ಗಾಡಿಯಲ್ಲಿ ದುಡಿಯುವುದು ಮೇಲು. ಆದರೆ ಏರ್‌ಬ್ಯಾಗ್, ಸೀಟ್ ಬೆಲ್ಟ್, ಸ್ಟೀರಿಂಗ್ ಲಾಕ್ ಇವುಗಳನ್ನು ಮರುಬಳಕೆಗೆ ಮಾರಬೇಡಿ. ಒಮ್ಮೆ ಅಪಘಾತದಲ್ಲಿ ಎಳೆತ ತಿಂದ ಬೆಲ್ಟ್ ಹೊರಗಿನಿಂದ ಹೊಸದರಂತೆಯೇ ಕಾಣುತ್ತದೆ, ಎರಡನೇ ಸಲ ಜೀವ ಉಳಿಸುವುದಿಲ್ಲ.

ಪ್ರತಿ ಭಾಗಕ್ಕೂ ಅದು ಬಂದ ವಾಹನದ ಸಂಖ್ಯೆಯ ಚೀಟಿ ಇರಲಿ. ಎಂಜಿನ್ ಮಾರಿದರೆ ಬಿಲ್ಲಿನಲ್ಲಿ ಎಂಜಿನ್ ನಂಬರ್ ಕಡ್ಡಾಯವಾಗಿ ಬರೆಯಿರಿ. ನಮ್ಮ ಅಪ್ಪನನ್ನು ಠಾಣೆಯ ಬೆಂಚಿನಿಂದ ಎಬ್ಬಿಸಲು ಅಷ್ಟೇ ಸಾಕಾಗುತ್ತಿತ್ತು.

ಮೈಸೂರಿನವನಾಗಿ ಇಲ್ಲೊಂದು ಮಾತು ಸೇರಿಸಲೇಬೇಕು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ತಯಾರಿಸಿತು. ಅವುಗಳನ್ನು ಇಂದಿಗೂ ಓಡಿಸುವವರು ಒಂದು ಕಾರ್ಬ್ಯುರೇಟರಿಗಾಗಿ, ಒಂದು ಟ್ಯಾಂಕಿಗಾಗಿ ಗುಜರಿ ಅಂಗಡಿಗಳನ್ನು ಸುತ್ತುತ್ತಾರೆ. 50 ವರ್ಷ ದಾಟಿ ಮೂಲ ರೂಪದಲ್ಲೇ ಇರುವ ಗಾಡಿಯನ್ನು 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸಬಹುದು. ಅಂಥದ್ದು ನಿಮ್ಮ ಅಂಗಳಕ್ಕೆ ಬಂದರೆ ತಂದವರಿಗೆ ಈ ಮಾತು ತಿಳಿಸಿ, ಆಮೇಲೆ ತಕ್ಕಡಿ ನೋಡಿ.

ವಾಹನ ಕೊಡುವವರು, ಬಿಡಿಭಾಗ ಕೊಳ್ಳುವವರು

15 ವರ್ಷ ತುಂಬಿದ ಕೂಡಲೇ ಸ್ವಂತ ವಾಹನವನ್ನು ಗುಜರಿಗೆ ಹಾಕಲೇಬೇಕು ಎಂಬ ನಂಬಿಕೆ ತಪ್ಪು. ನಮ್ಮಲ್ಲಿ ಪರಿಶೀಲನೆಯಲ್ಲಿ ತೇರ್ಗಡೆಯಾದರೆ ನೋಂದಣಿ ನವೀಕರಿಸಬಹುದು. ನವೀಕರಣ ನಿಂತದ್ದು ಸರ್ಕಾರಿ ವಾಹನಗಳಿಗೆ, 2023ರ ಏಪ್ರಿಲ್ 1ರಿಂದ. ಆದರೆ ಬಳಕೆ ಮುಗಿದ ವಾಹನವನ್ನು 180 ದಿನಗಳೊಳಗೆ ಮಾನ್ಯ ಘಟಕಕ್ಕೆ ಅಥವಾ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಬೇಕು. ಅಪಘಾತದಲ್ಲಿ ವಾಹನ ಪೂರ್ತಿ ನಾಶವಾದರೆ ಮೋಟಾರು ವಾಹನ ಕಾಯ್ದೆಯ 55ನೇ ಕಲಮಿನಂತೆ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು.

ಹಳೆಯ ಎಂಜಿನ್ ಕೊಂಡು ಹಾಕಿಸುವವರು ಬಿಲ್ ಹಿಡಿದು ಆರ್‌ಟಿಒ ಕಚೇರಿಗೆ ಹೋಗಿ, ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಸೇರಿಸಿಕೊಳ್ಳಿ. ನಂಬರ್ ಉಜ್ಜಿದಂತೆ, ಮತ್ತೆ ಕುಟ್ಟಿದಂತೆ ಕಂಡರೆ ಎಷ್ಟು ಅಗ್ಗವಾದರೂ ಬೇಡ. ಬೆರಳಿನಿಂದ ಸವರಿ ನೋಡಿದರೆ ಗೊತ್ತಾಗುತ್ತದೆ: ಕಾರ್ಖಾನೆಯ ಅಕ್ಷರಗಳು ಒಂದೇ ಆಳಕ್ಕೆ ಇಳಿದಿರುತ್ತವೆ, ಕೈಯಲ್ಲಿ ಕುಟ್ಟಿದವು ಏರುಪೇರಾಗಿರುತ್ತವೆ.

ವಾಹನ ಒಪ್ಪಿಸಿದವರು ಎರಡೂ ಪ್ರಮಾಣಪತ್ರಗಳನ್ನು ಕೈಯಲ್ಲಿ ಪಡೆದೇ ಸುಮ್ಮನಾಗಬೇಡಿ. ಕೆಲವು ದಿನ ಬಿಟ್ಟು ಮೊಬೈಲಿನ ಎಂ-ಪರಿವಾಹನ್ ಆ್ಯಪ್‌ನಲ್ಲಿ ನಿಮ್ಮ ಹಳೆಯ ನಂಬರ್ ಹಾಕಿ ನೋಡಿ. ನೋಂದಣಿ ರದ್ದಾಗಿದೆ ಎಂದು ಅಲ್ಲಿ ಕಾಣುವವರೆಗೆ ಘಟಕದವರನ್ನು ಕೇಳುತ್ತಲೇ ಇರಿ.