ಬ್ಯಾಂಕರನ ಪತ್ನಿಯ ಭಾವಚಿತ್ರವನ್ನು ನೋಡುವ ಕ್ರಮ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಸಿರಿವಂತರು ಹೆಸರಾಂತ ಕಲಾವಿದರಿಂದ ಬರೆಸಿಕೊಂಡ ಆಳೆತ್ತರದ ಭಾವಚಿತ್ರಗಳ ಮುಂದೆ ನಿಂತಾಗ, ನಮ್ಮ ಕಣ್ಣು ಮುಖಕ್ಕೂ ಒಡವೆಗೂ ಹೋಗಿ ಅಲ್ಲಿಯೇ ನಿಂತುಬಿಡುತ್ತದೆ. ಆದರೆ ಇಂಥ ಚಿತ್ರಗಳಲ್ಲಿ ನೋಡಬೇಕಾದದ್ದು ಬಹುಪಾಲು ಮುಖದ ಹೊರಗಿರುತ್ತದೆ. ಅಮೆರಿಕನ್ ಕಲಾವಿದ ಜಾನ್ ಸಿಂಗರ್ ಸಾರ್ಜೆಂಟ್ 1896ರಲ್ಲಿ ಬರೆದ, ಈಗ ಲಂಡನ್ನಿನ ಟೇಟ್ ಕಲಾಸಂಗ್ರಹಾಲಯದಲ್ಲಿರುವ ‘ಮಿಸೆಸ್ ಕಾರ್ಲ್ ಮೇಯರ್ ಮತ್ತು ಆಕೆಯ ಮಕ್ಕಳು’ ಎಂಬ ತೈಲಚಿತ್ರವನ್ನು ಮುಂದಿಟ್ಟುಕೊಂಡು ಇದನ್ನು ಅಭ್ಯಾಸ ಮಾಡಬಹುದು. ಟೇಟ್‌ನ ಜಾಲತಾಣದಲ್ಲಿ ಚಿತ್ರ ಸಿಗುತ್ತದೆ. ಮೂಲಚಿತ್ರ ಸುಮಾರು 2 ಮೀಟರ್ ಎತ್ತರವಿದೆ ಎಂಬುದನ್ನು ಮಾತ್ರ ಮರೆಯಬಾರದು.

ಮೊದಲು ನೆಲವನ್ನು ನೋಡಿ. ಅದು ಸಮತಟ್ಟಾಗಿ ಹಿಂದಕ್ಕೆ ಸರಿಯದೆ ನಮ್ಮ ಕಡೆಗೆ ಇಳಿಜಾರಾಗಿ ಬಾಗಿದಂತಿದೆ. ಕಲಾವಿದ ಚಿತ್ರಕ್ಕೆ ಕುಳಿತವರನ್ನು ಮೇಲಿನಿಂದ ನೋಡುತ್ತಿದ್ದಾನೆ ಎಂಬುದು ಇದರಿಂದಲೇ ಗೊತ್ತಾಗುತ್ತದೆ. ಸೋಫಾದ ಅಂಚಿನಲ್ಲಿ ಕುಳಿತ ಮಿಸೆಸ್ ಮೇಯರ್, ಅಂದರೆ ಅಡೆಲ್ ಮೇಯರ್, ಇನ್ನೇನು ಜಾರಿ ಚೌಕಟ್ಟಿನ ಹೊರಗೆ ಬರುತ್ತಾರೇನೋ ಅನ್ನಿಸುವುದಕ್ಕೂ, ಆ ಅಚ್ಚುಕಟ್ಟಾದ ಕೋಣೆಯಲ್ಲಿ ಒಂದು ಬಗೆಯ ಚಡಪಡಿಕೆ ತುಂಬಿರುವುದಕ್ಕೂ ಈ ಓರೆಯೇ ಕಾರಣ.

ಆಮೇಲೆ ಕೈಗಳಿಗೆ ಬನ್ನಿ, ಇಲ್ಲಿ ಅವಸರ ಬೇಡ. ತಾಯಿಯ ಒಂದು ಕೈಯಲ್ಲಿ ಬೀಸಣಿಗೆ ಇದೆ. ಇನ್ನೊಂದು ಕೈ ಹಿಂದಕ್ಕೆ ಚಾಚಿ, ಸೋಫಾದ ಬೆನ್ನಿನ ಆಚೆ ನಿಂತಿರುವ ಮಗ ಫ್ರ್ಯಾಂಕ್‌ನ ಕೈಯನ್ನು ಹಿಡಿದಿದೆ. ಅಲ್ಲಿಯೇ ಮಗಳು ಎಲ್ಸಿಯೂ ಇದ್ದಾಳೆ. ಗುಲಾಬಿ ಸಾಟಿನ್ ಉಡುಪಿನ ಹರವು, ಉದ್ದಕ್ಕೆ ಇಳಿಬಿದ್ದ ಮುತ್ತಿನ ಸರ, ಕಾಲುಮಣೆಯ ಬಳಿ ಇಣುಕುವ ಪಾದರಕ್ಷೆ ಎಲ್ಲವೂ ಮುಂದೆ ಬಂದು ಜಾಗ ಹಿಡಿದಿರುವಾಗ, ಮಕ್ಕಳು ಮರದ ಕೆತ್ತನೆಯ ಗೋಡೆಗೂ ಸೋಫಾಕ್ಕೂ ನಡುವೆ ಸಂಕೋಚದಿಂದ ನಿಂತಿದ್ದಾರೆ. ಚಾಚಿದ ಆ ತೋಳೊಂದನ್ನು ಹೆಬ್ಬೆರಳಿನಿಂದ ಮುಚ್ಚಿ ನೋಡಿ: ತಾಯಿ ಮತ್ತು ಮಕ್ಕಳು ಎರಡು ಬೇರೆ ಚಿತ್ರಗಳಾಗಿ ಒಡೆದುಹೋಗುತ್ತಾರೆ. ನನ್ನ ಮಟ್ಟಿಗೆ ಈ ಚಿತ್ರದ ಅತ್ಯಂತ ಜಾಣ ನಿರ್ಧಾರ ಆ ತೋಳು, ಮುತ್ತುಗಳಲ್ಲ.

ಮೂರನೆಯದಾಗಿ ದೂರವನ್ನು ಬದಲಿಸಿ. ಸಾರ್ಜೆಂಟ್ ಕ್ಯಾನ್ವಾಸನ್ನು ಕುಳಿತವರ ಪಕ್ಕದಲ್ಲಿಯೇ ನಿಲ್ಲಿಸಿ, ಹಲವು ಹೆಜ್ಜೆ ಹಿಂದೆ ಸರಿದು ಎರಡನ್ನೂ ಒಟ್ಟಿಗೆ ನೋಡಿ, ಮತ್ತೆ ಮುಂದೆ ಬಂದು ಕುಂಚ ಇಡುತ್ತಿದ್ದರು. ಆದ್ದರಿಂದ ಹತ್ತಿರದಲ್ಲಿ ಸಾಟಿನ್ನಿನ ಹೊಳಪು ಬರೀ ದಪ್ಪ ಬಣ್ಣದ ಎಳೆತಗಳಾಗಿ ಕಾಣುತ್ತದೆ. ಹಿಂದೆ ಸರಿದಾಗ ಅದೇ ಎಳೆತಗಳು ಕೂಡಿಕೊಂಡು ಬಟ್ಟೆಯಾಗುತ್ತವೆ. ಪರದೆಯ ಮೇಲಾದರೆ ಹಿಗ್ಗಿಸಿ, ಕುಗ್ಗಿಸಿ ಇದೇ ಕೆಲಸವನ್ನು ತಕ್ಕಮಟ್ಟಿಗೆ ಮಾಡಬಹುದು.

ಹಣದ ವಿಚಾರವನ್ನು ಇಷ್ಟೆಲ್ಲ ನೋಡಿದ ಬಳಿಕವೇ ಕೈಗೆತ್ತಿಕೊಳ್ಳಬೇಕು. ಕಾರ್ಲ್ ಮೇಯರ್ ಹ್ಯಾಂಬರ್ಗ್‌ನಲ್ಲಿ ಹುಟ್ಟಿದ ಯಹೂದಿ. ಲಂಡನ್ನಿನಲ್ಲಿ ರಾಥ್‌ಚೈಲ್ಡ್ ಬ್ಯಾಂಕಿನಲ್ಲಿ ದುಡಿದು, ದಕ್ಷಿಣ ಆಫ್ರಿಕದ ವಜ್ರದ ಕಂಪನಿ ಡಿ ಬೀರ್ಸ್‌ನ ವ್ಯವಹಾರದಲ್ಲಿಯೂ ಪ್ರಮುಖರಾಗಿದ್ದವರು. ಚಿತ್ರದ ಪೀಠೋಪಕರಣ ಮತ್ತು ಗೋಡೆಯ ಕೆತ್ತನೆ ಹದಿನೆಂಟನೆಯ ಶತಮಾನದ ಫ್ರೆಂಚ್ ಶೈಲಿಯವು, ಅಂದರೆ ಹೊಸ ಸಂಪತ್ತು ಹಳೆಯ ಶ್ರೀಮಂತರ ಅಭಿರುಚಿಯನ್ನು ಉಟ್ಟುಕೊಂಡಿದೆ. 1897ರಲ್ಲಿ ಲಂಡನ್ನಿನ ಕಲಾಸಂಸ್ಥೆ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶನಗೊಂಡಾಗ ಕಾದಂಬರಿಕಾರ ಹೆನ್ರಿ ಜೇಮ್ಸ್‌ರಂಥವರು ಇದನ್ನು ಮನಸಾರೆ ಮೆಚ್ಚಿದರು. ಕೆಲವು ವಿಮರ್ಶೆಗಳಲ್ಲಿ ಮಾತ್ರ ಯಹೂದಿಗಳ ಬಗೆಗಿನ ಅಸಹನೆ ಕಲಾವಿಮರ್ಶೆಯ ವೇಷದಲ್ಲಿ ಹೊರಬಿತ್ತು. ಅಂದಿನ ಬರಹಗಳನ್ನು ಓದುವವರು ಚಿತ್ರದ ಮೇಲಿನ ಟೀಕೆಯನ್ನೂ ಕುಳಿತವರ ಮೇಲಿನ ದ್ವೇಷವನ್ನೂ ಬೇರೆಬೇರೆಯಾಗಿ ಗುರುತಿಸಿಕೊಳ್ಳಬೇಕು.

ಕೊನೆಯಲ್ಲಿ, ಗಂಡನ ಹೆಸರಿನಲ್ಲಿ ಶೀರ್ಷಿಕೆ ಪಡೆದ ಈ ಮಹಿಳೆ ಸ್ವತಃ ಯಾರು ಎಂದು ಹುಡುಕಿ. ಅಡೆಲ್ ಮೇಯರ್ ಮಹಿಳೆಯರ ಮತದಾನದ ಹಕ್ಕಿನ ಪರವಾಗಿದ್ದವರು; 1909ರಲ್ಲಿ ದುಡಿಯುವ ಹೆಂಗಸರ ಪರ ಹೋರಾಡುತ್ತಿದ್ದ ಲೇಖಕಿ ಕ್ಲೆಮೆಂಟಿನಾ ಬ್ಲ್ಯಾಕ್ ಜೊತೆಗೂಡಿ, ಲಂಡನ್ನಿನಲ್ಲಿ ಉಡುಪು ಹೊಲಿಯುತ್ತಿದ್ದ ಹೆಂಗಸರ ಕೂಲಿ ಮತ್ತು ದುಡಿಮೆಯ ಸ್ಥಿತಿಯ ಕುರಿತು ಸಮೀಕ್ಷೆಯೊಂದನ್ನು ಪ್ರಕಟಿಸಿದರು. ಇದನ್ನು ತಿಳಿದ ಕೂಡಲೇ ಮುಖದಲ್ಲಿ ಸುಧಾರಕಿಯನ್ನು ಹುಡುಕುವ ಆಸೆಯಾಗುವುದು ಸಹಜ. ಆದರೆ ಸಮೀಕ್ಷೆ ಬಂದದ್ದು ಚಿತ್ರ ಮುಗಿದು 13 ವರ್ಷಗಳಾದ ಮೇಲೆ. ಅದನ್ನು ವ್ಯಕ್ತಿಯ ಚರಿತ್ರೆಯಲ್ಲಿ ಬರೆದುಕೊಳ್ಳಿ, ಕ್ಯಾನ್ವಾಸಿನ ಮೇಲೆ ಹೇರಬೇಡಿ.