ಹಳೇ ಪಾಯದ ಪಕ್ಕದಲ್ಲಿ ಬೇಸ್‌ಮೆಂಟ್: ಮಣ್ಣು ತೆಗೆಯುವ ಕ್ರಮವೇ ಮುಖ್ಯ

ಮೈಸೂರಿನ ಚಾಮರಾಜಪುರಂ, ಲಕ್ಷ್ಮೀಪುರಂ, ವೊಂಟಿಕೊಪ್ಪಲ್ ಕಡೆಯ ಹಳೇ ಮನೆಗಳ ಪಕ್ಕದಲ್ಲಿ ಬೇಸ್‌ಮೆಂಟ್ ಸೇರಿಸುವಾಗ ಎಲ್ಲರೂ ಮೊದಲು ಕೇಳುವುದು ಹೊಸ ಗೋಡೆಗೆ ಎಷ್ಟು ಕಬ್ಬಿಣ ಎಂದು. ನಾನು ಮೊದಲು ನೋಡುವುದು ಹಳೇ ಪಾಯದ ಅಡಿಯ ಮಣ್ಣನ್ನು. ಇಂಥ ಮನೆಗಳಲ್ಲಿ ಹೆಚ್ಚಿನವಕ್ಕೆ ಕಾಲಂ ಇರುವುದಿಲ್ಲ. ಇಟ್ಟಿಗೆ ಗೋಡೆಯೇ ಭಾರ ಹೊರುತ್ತದೆ, ಅದರಡಿ ಮಣ್ಣಿನಲ್ಲೋ ಸುಣ್ಣದ ಗಾರೆಯಲ್ಲೋ ಕಟ್ಟಿದ ಸೈಜುಗಲ್ಲಿನ ಪಾಯ. ಪಾಯ 4 ಅಡಿ ಆಳ ಇದೆ, ಬೇಸ್‌ಮೆಂಟಿನ ನೆಲ 9 ಅಡಿ ಕೆಳಗೆ ಬರಬೇಕು ಅಂದುಕೊಳ್ಳಿ. ನೆಲಹಾಸು, 9 ಇಂಚಿನ ರಾಫ್ಟ್ (ಇಡೀ ತಳಕ್ಕೆ ಹಾಸುವ ಕಬ್ಬಿಣದ ಕಾಂಕ್ರೀಟ್), ಅದರಡಿ 4 ಇಂಚಿನ ಪಿಸಿಸಿ (ಕಬ್ಬಿಣವಿಲ್ಲದ ಕಾಂಕ್ರೀಟ್ ಹಾಸು) ಸೇರಿದರೆ ಗುಂಡಿ ಹತ್ತೂವರೆ ಅಡಿಗೆ ಇಳಿಯುತ್ತದೆ. ಅಂದರೆ ಮನೆ ಕೂತಿರುವ ಮಣ್ಣಿನ ಆರೂವರೆ ಅಡಿ ಎತ್ತರ ಒಂದು ಬದಿಯಲ್ಲಿ ಬತ್ತಲಾಗುತ್ತದೆ.

ದೂರ ಬಿಟ್ಟು ಕಟ್ಟಲು ಸಾಧ್ಯವಿದ್ದರೆ ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ಪಾಯಗಳ ಭಾರತೀಯ ಮಾನದಂಡ ಐಎಸ್ 1904ರ ಲೆಕ್ಕದಲ್ಲಿ, ಮರಳು-ಗೊರಚಿನ ನೆಲವಾದರೆ ಹಳೇ ಪಾಯದ ತಳದ ಅಂಚಿನಿಂದ ಹೊಸ ಪಾಯದ ತಳದ ಅಂಚಿಗೆ ಎಳೆದ ಗೆರೆ 2 ಅಡಿ ಅಡ್ಡಕ್ಕೆ 1 ಅಡಿಗಿಂತ ಕಡಿದಾಗಿ ಇಳಿಯಬಾರದು. ಆರೂವರೆ ಅಡಿ ವ್ಯತ್ಯಾಸಕ್ಕೆ 13 ಅಡಿ ದೂರ ಬೇಕು. 40-60ರ ಸೈಟಿನಲ್ಲಿ ಮನೆಯ ಪಕ್ಕ ಅಷ್ಟು ಜಾಗ ಎಲ್ಲಿಂದ ಬರಬೇಕು? ಹಾಗಾಗಿ ಅಂಡರ್‌ಪಿನ್ನಿಂಗ್, ಅಂದರೆ ಹಳೇ ಪಾಯದಡಿಗೆ ತುಂಡುತುಂಡಾಗಿ ಕಾಂಕ್ರೀಟ್ ಕೊಟ್ಟು ಭಾರವನ್ನು ಕೆಳಗಿನ ಗಟ್ಟಿ ನೆಲಕ್ಕೆ ಮುಟ್ಟಿಸುವ ಕೆಲಸ.

ಮೊದಲು ಗೋಡೆಗೆ ಅಂಟಿದಂತೆ ಎರಡು ಕಡೆ 3 ಅಡಿ ಚೌಕದ ಪರೀಕ್ಷಾ ಗುಂಡಿ ತೆಗೆಸಿ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆದು ತೋರಿಸಿ. ಪಾಯದ ನಿಜವಾದ ಆಳ, ಅಗಲ, ಅಡಿಯ ಮಣ್ಣಿನ ಗುಣ ಅಲ್ಲೇ ಗೊತ್ತಾಗುತ್ತದೆ. ಕೆಂಪು ಮಣ್ಣಿನ ಕೆಳಗೆ ಗೊರಚು, ಕೊಳೆತ ಬಂಡೆ ಸಿಕ್ಕರೆ ಬೇಸಿಗೆಯಲ್ಲಿ ಅಂಚು ನೆಟ್ಟಗೆ ನಿಲ್ಲುತ್ತದೆ. ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಮಾತು ಬೇರೆ. ಗದ್ದೆ ತುಂಬಿಸಿ ಮಾಡಿದ ಸೈಟಿನ ಜೇಡಿ ನೆಲದಲ್ಲಿ, ನಾಲೆಗೆ ನೀರು ಬಿಟ್ಟ ಮೇಲೆ ಗುಂಡಿಯಲ್ಲಿ ಜಲ ಏಳುತ್ತದೆ. ಅಂಥ ಕಡೆ ನೀರಿನ ಮಟ್ಟವನ್ನು ನಾಲೆ ಹರಿಯುವಾಗಲೂ ನೋಡಿ, ನಿಂತಾಗಲೂ ನೋಡಿ. ಗೋಡೆಯ ಹತ್ತಿರ ಹಳೇ ಸಂಪು, ಒಳಚರಂಡಿ ಪೈಪು, ಮುಚ್ಚಿದ ಇಂಗುಗುಂಡಿ ಇದ್ದರೆ ಅವನ್ನು ಮೊದಲು ಖಾಲಿ ಮಾಡಿ, ಸರಿಪಡಿಸಿ. ಸೋರುವ ಪೈಪು ಒಣ ಮಣ್ಣನ್ನೂ ಕುಸಿಸುತ್ತದೆ.

ಮನೆಯೊಳಗಿನ ಹಳೇ ಬಿರುಕುಗಳ ಮೇಲೆ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆಯಿರಿ. ಪಟ್ಟಿ ಒಡೆದರೆ ಗೋಡೆ ಅಲುಗಿದೆ ಎಂದರ್ಥ, ಆವತ್ತಿಗೆ ಕೆಲಸ ನಿಲ್ಲಬೇಕು. ಸಂಕ್ರಾಂತಿ ಕಳೆದ ಮೇಲೆ ಗುದ್ದಲಿ ಹಾಕಿ. ಭರಣಿ ಮಳೆಗೆ ಮುಂಚೆ ಗೋಡೆ ಎದ್ದು ಮೇಲೆ ಸ್ಲ್ಯಾಬ್ ಬಿದ್ದಿರಬೇಕು.

ಇನ್ನು ಅಸಲು ಕೆಲಸ. ಮೊದಲು ಹಳೇ ಪಾಯದ ತಳಕ್ಕಿಂತ 1 ಅಡಿ ಮೇಲಿನವರೆಗೆ ಮಾತ್ರ ಮಣ್ಣು ತೆಗೆಯಬೇಕು, ಗೋಡೆಯ ಹತ್ತಿರ ಜೆಸಿಬಿ ಬರಕೂಡದು. 24 ಅಡಿ ಉದ್ದದ ಗೋಡೆಯನ್ನು 3 ಅಡಿಯ 8 ಅಂಕಣವಾಗಿ ಗುರುತು ಮಾಡಿ. ಗಾರೆ ಗಟ್ಟಿಯಿದ್ದರೆ 4 ಅಡಿ ನಡೆಯುತ್ತದೆ, ಮಣ್ಣಿನಲ್ಲಿ ಕಟ್ಟಿದ ಪಾಯಕ್ಕೆ 3 ಅಡಿ ಮೀರಬೇಡಿ. 1, 4, 7 ಮೊದಲು, ಆಮೇಲೆ 2, 5, 8, ಕೊನೆಗೆ 3, 6. ಈ ಗುಂಪುಗಳಲ್ಲೂ ಒಂದೇ ಹೊತ್ತಿಗೆ ಎರಡಕ್ಕಿಂತ ಹೆಚ್ಚು ತೆರೆದಿರಬಾರದು, ಅಕ್ಕಪಕ್ಕದ ಎರಡಂತೂ ಕೂಡದು. ಮೇಲಿನ ಗೋಡೆ ತೆರೆದ ಅಂಕಣವನ್ನು ಕಮಾನಿನ ಹಾಗೆ ದಾಟಿ ಎರಡೂ ಬದಿಯ ಗಟ್ಟಿ ನೆಲದ ಮೇಲೆ ಭಾರ ಹಾಕುತ್ತದೆ. ಪಕ್ಕದ ಮಣ್ಣೂ ಹೋದರೆ ಆ ಭಾರಕ್ಕೆ ಆಸರೆಯಿಲ್ಲ.

ಗುಂಡಿಯ ಬದಿಗಳಿಗೆ ಹಲಗೆ, ಅಡ್ಡಕ್ಕೆ ಬಲ್ಲಿ (ಮರದ ಕಂಬ) ಕೊಟ್ಟ ಮೇಲಷ್ಟೇ ಆಳು ಒಳಗಿಳಿಯಬೇಕು. ಇದರಲ್ಲಿ ರಾಜಿಯೇ ಇಲ್ಲ. ತೆರೆದ ಅಂಕಣವನ್ನು ರಾತ್ರಿ ಹಾಗೇ ಬಿಡದೆ ಅವತ್ತೇ ಕಾಂಕ್ರೀಟ್ ತುಂಬಿಸಿ. ಪಾಯದ ಅಗಲ ಎರಡೂವರೆ ಅಡಿಯಿದ್ದರೆ ಒಂದು ಅಂಕಣಕ್ಕೆ ಸುಮಾರು 49 ಘನ ಅಡಿ ಬೇಕು. ಎಂ20 ದರ್ಜೆಯ ಕಾಂಕ್ರೀಟಿನ 1:1.5:3 ಮಿಶ್ರಣದಲ್ಲಿ 11 ಮೂಟೆ ಸಿಮೆಂಟು, 20 ಘನ ಅಡಿ ಎಂ-ಸ್ಯಾಂಡ್, 41 ಘನ ಅಡಿ 20 ಎಂಎಂ ಜಲ್ಲಿ. ಪಕ್ಕದ ಅಂಕಣಕ್ಕೆ ಕಚ್ಚಿಕೊಳ್ಳಲು ಬದಿಯಲ್ಲಿ ತೋಡು ಬಿಡಿ.

ಕೆಟ್ಟ ಕೆಲಸ ಹೆಚ್ಚಾಗಿ ಆಗುವುದು ಕಾಂಕ್ರೀಟಿನ ಮೇಲ್ತುದಿಯಲ್ಲಿ. ಕಾಂಕ್ರೀಟನ್ನು ಪಾಯದ ಕಲ್ಲಿಗೆ ತಾಗುವಷ್ಟು ತುಂಬಿಬಿಟ್ಟರೆ ಕಣ್ಣಿಗೆ ಗಟ್ಟಿಯಾಗಿ ಕಾಣುತ್ತದೆ, ಆದರೆ ಅದು ಕೂತು ಕುಗ್ಗಿದಾಗ ಮೇಲೆ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಗೋಡೆ ಆ ಸಂದಿಗೆ ಇಳಿದಾಗ ಕಿಟಕಿಯ ಮೂಲೆಯಿಂದ ಓರೆ ಬಿರುಕು ಹೊರಡುತ್ತದೆ. ಅದಕ್ಕೇ ಮೇಲೆ 3 ಇಂಚು ಖಾಲಿ ಬಿಟ್ಟು, ಎರಡು ದಿನ ಕಾಯಬೇಕು. ಆಮೇಲೆ 1:3 ಸಿಮೆಂಟ್-ಮರಳನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟೇ ತೇವ ಮಾಡಿ, ಮರದ ತುಂಡು ಕೊಟ್ಟು ಸುತ್ತಿಗೆಯಿಂದ ಹೊಡೆದು ಹೊಡೆದು ಒಳಗಿನಿಂದ ಹೊರಕ್ಕೆ ತುಂಬಬೇಕು. ನೀರು ಜಾಸ್ತಿಯಾದರೆ ಅದೂ ಕುಗ್ಗುತ್ತದೆ. ಈ ಗಾರೆ ಗಟ್ಟಿಯಾದ ಮೇಲೆಯೇ ಪಕ್ಕದ ಅಂಕಣ.

ಎಲ್ಲ ಅಂಕಣ ಮುಗಿದ ಮೇಲೆ ನಡುವಿನ ಮಣ್ಣು ತೆಗೆಯಿರಿ, ಆದರೆ ಗೋಡೆಯ ಉದ್ದಕ್ಕೂ ಬುಡದಲ್ಲಿ 4 ಅಡಿ ಅಗಲದ ಇಳಿಜಾರು ದಿಬ್ಬ ಉಳಿಸಿ. ನಡುವಿನ ರಾಫ್ಟ್ ಬಿದ್ದು ಗಟ್ಟಿಯಾದ ಮೇಲೆ ಅದರಿಂದ ಓರೆ ಆಸರೆ ಕೊಟ್ಟು, ದಿಬ್ಬವನ್ನು ತುಂಡುತುಂಡಾಗಿ ತೆಗೆದು ರಾಫ್ಟ್ ಮುಂದುವರಿಸಬೇಕು.

ಹಳೇ ಮನೆಯ ಬದಿಯ ಹೊಸ ಗೋಡೆಗೆ ಹೊರಗಿನಿಂದ ಮತ್ತೆ ಕೈ ಹೋಗುವುದಿಲ್ಲ. ಆದ್ದರಿಂದ ಅಂಡರ್‌ಪಿನ್ನಿಂಗ್ ಮುಖವನ್ನು ಗಾರೆಯಿಂದ ಸಮ ಮಾಡಿ, ವಾಟರ್‌ಪ್ರೂಫ್ ಹಾಳೆಯನ್ನು ಮೊದಲೇ ಹಚ್ಚಿ, ಅದಕ್ಕೆ ಒತ್ತಿ 8 ಇಂಚಿನ ಎಂ25 ಗೋಡೆ ಹಾಕಬೇಕು. ಕಬ್ಬಿಣ ಡ್ರಾಯಿಂಗ್ ಪ್ರಕಾರ, ಮಣ್ಣಿನ ಬದಿ ಕವರ್ (ಕಬ್ಬಿಣವನ್ನು ಮುಚ್ಚುವ ಕಾಂಕ್ರೀಟಿನ ದಪ್ಪ) 2 ಇಂಚು. ರಾಫ್ಟಿನ ಜೊತೆಗೇ ಗೋಡೆಯ ಬುಡವನ್ನು 6 ಇಂಚು ಎಬ್ಬಿಸಿ, ಅದರಲ್ಲಿ ಪಿವಿಸಿ ವಾಟರ್‌ಸ್ಟಾಪ್ (ಕಾಂಕ್ರೀಟಿನ ಸೇರುವೆಯಲ್ಲಿ ನೀರು ತಡೆಯುವ ಪಟ್ಟಿ) ಅರ್ಧ ಹೂಳಿ. ಪಟ್ಟಿಯ ತುದಿಗಳನ್ನು ಒಂದರ ಮೇಲೊಂದು ಇಟ್ಟು ಮೊಳೆ ಹೊಡೆಯಬಾರದು, ಕಾಯಿಸಿ ಬೆಸೆಯಬೇಕು. ಸೆಂಟ್ರಿಂಗ್ ಹಲಗೆ ಬಿಗಿಯಲು ಗೋಡೆಯನ್ನು ತೂರಿಹೋಗುವ ಪೈಪ್ ತೂತು ಬೇಡ, ಪ್ರತಿ ತೂತೂ ಮುಂದೆ ಒಂದು ಸೋರಿಕೆ.

ನೀರು ಬರುವ ನೆಲದಲ್ಲಿ ಪಂಪಿನ ನೀರನ್ನು ಬಕೆಟ್‌ನಲ್ಲಿ ಹಿಡಿದು ನೋಡುತ್ತಿರಿ. ಸಣ್ಣ ಮರಳು ತಳದಲ್ಲಿ ಕೂತರೆ ಪಂಪ್ ನಿಲ್ಲಿಸಿ, ಸುತ್ತ ಜಲ್ಲಿ ತುಂಬಿದ ಬೇರೆ ಗುಣಿ ಮಾಡಿ. ಇಲ್ಲದಿದ್ದರೆ ಪಕ್ಕದ ಮನೆಯ ಅಡಿಯ ಮಣ್ಣೇ ಹೊರಬರುತ್ತದೆ. ಸ್ಲ್ಯಾಬ್ ಬೀಳುವವರೆಗೆ ಪಂಪ್ ತೆಗೆಯಬೇಡಿ. 9 ಇಂಚಿನ ರಾಫ್ಟ್ ಚದರ ಅಡಿಗೆ ಸುಮಾರು 53 ಕೆಜಿ ತೂಗುತ್ತದೆ, ತಳದಿಂದ 2 ಅಡಿ ನೀರು ನಿಂತರೆ 57 ಕೆಜಿ ಮೇಲಕ್ಕೆ ನೂಕುತ್ತದೆ.

ಹೊಸ ಸ್ಲ್ಯಾಬನ್ನು ಹಳೇ ಗೋಡೆಯೊಳಗೆ ಕೂರಿಸಬೇಡಿ. ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಕೂರುತ್ತವೆ. ನಡುವೆ 1 ಇಂಚು ಥರ್ಮೋಕೋಲ್ ಬಿಟ್ಟು, ಮೇಲ್ತುದಿಯಲ್ಲಿ ಪಾಲಿಸಲ್ಫೈಡ್ ಸೀಲೆಂಟ್ ತುಂಬಿ. ಅದರ ಮೇಲೆ ತಗಡಿನ ಪಟ್ಟಿಯನ್ನು ಹಳೇ ಗೋಡೆಗೆ ಮಾತ್ರ ಸ್ಕ್ರೂ ಮಾಡಿ, ಹೊಸ ಬದಿಗೆ ಬಿಗಿಯಬೇಡಿ.