ಕ್ಯಾರವಾನ್ ಎಲ್ಲಿ ಹಚ್ಚೋಣ? ಘಟ್ಟಕ್ಕೂ ಕಡಲಿಗೂ ಹೊರಟ ಬೆಳಗಾವಿಯವರಿಗೆ

ರಾತ್ರಿ ಹನ್ನೊಂದೂವರೆಗೆ ನನ್ನ ತಮ್ಮನ ಚಪ್ಪಲಿ ತೇಲಿಕೊಂಡು ಹೋದವು. ಅಂಕೋಲಾ ಕಡೆಯ ಒಂದು ಬೀಚು. ಅವತ್ತು ಹುಣ್ಣಿಮೆ. ಸಂಜೆ ಐದೂವರೆಗೆ ನಾವು ಬಂದಾಗ ಕಡಲು ಎಲ್ಲೋ ದೂರದಲ್ಲಿತ್ತು. ಎದುರಿಗೆ ಹುಡುಗರು ಕ್ರಿಕೆಟ್ ಆಡುವಷ್ಟು ಗಟ್ಟಿ ಮರಳು. "ಅಕ್ಕಾ, ಗಾಡಿ ಇಲ್ಲೇ ಹಚ್ಚೋಣು, ಬೆಳದಿಂಗಳ ಊಟನೂ ಆಗ್ತದ" ಅಂದ. ಚಾಪೆ ಹಾಸಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಮೊಸರು ತಿಂದು ಮಲಗಿದೆವು. ಎಚ್ಚರವಾದಾಗ ಮುಂದಿನ ಚಕ್ರದ ಸುತ್ತ ನೀರು. ಡ್ರೈವರ್ ಗಾಬರಿಯಲ್ಲಿ ರೇಸ್ ಕೊಟ್ಟ. ಹಿಂದಿನ ಚಕ್ರ ಅರ್ಧ ಹೂತುಹೋಯಿತು. ಬೆಳಿಗ್ಗೆ ಟ್ರ್ಯಾಕ್ಟರ್ ಬಂದು ಎಳೆಯುವವರೆಗೂ ನಮ್ಮತ್ತೆ ಗಾಡಿಯಿಂದ ಇಳಿಯಲೇ ಇಲ್ಲ.

ಆಮೇಲೆ ನಾಲ್ಕೈದು ಸಲ ಹೋಗಿ ಬಂದಿದ್ದೇವೆ. ಪ್ರತಿ ಸಲವೂ ಬೇರೆ ಯಾರಾದರೂ ಇದೇ ತಪ್ಪು ಮಾಡುವುದನ್ನು ನೋಡಿದ್ದೇನೆ. ಬಾಡಿಗೆ ಕ್ಯಾರವಾನ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಗಾಡಿ, ಹಿಡಿಯುವ ಮನೆಗಳು ಈಗ ಜಾಸ್ತಿ ಆಗಿವೆ. ಗಾಡಿ ಆರಿಸಲು ವಾರಗಟ್ಟಲೆ ಚರ್ಚೆ ಮಾಡುತ್ತಾರೆ. ಜಾಗ ಮಾತ್ರ ಫೋಟೊ ನೋಡಿ ಆರಿಸುತ್ತಾರೆ. ಫೋಟೊ ತೆಗೆಯುವುದು ಸಂಜೆ ಹೊತ್ತು, ನಾವು ಮಲಗುವುದು ರಾತ್ರಿ.

ಎರಡೇ ಜಾಗ ಸಾಕು

ಘಟ್ಟದಲ್ಲಿ ಒಂದು, ಕಡಲಿಗೆ ಒಂದು. ಒಂದೊಂದರಲ್ಲೂ ಎರಡು ರಾತ್ರಿ. ನಾಲ್ಕು ರಾತ್ರಿಗೆ ನಾಲ್ಕು ಊರು ಎನ್ನುವವರ ಜೊತೆ ನಾನಂತೂ ಹೋಗುವುದಿಲ್ಲ. ದಿನಾ ಗಂಟು ಕಟ್ಟಿ ಬಿಚ್ಚುವುದರಲ್ಲೇ ರಜೆ ಮುಗಿಯುತ್ತದೆ.

ಬೆಳಗಾವಿಯಿಂದ ದಾರಿ ಮೂರು. ಖಾನಾಪುರ, ರಾಮನಗರ, ಗಣೇಶಗುಡಿ, ಜೋಯಿಡಾ ದಾಟಿ ಅಣಶಿ ಘಟ್ಟ ಇಳಿದು ಕಾರವಾರ. ಇಲ್ಲವೇ ಜಾಂಬೋಟಿ, ಕಣಕುಂಬಿ, ಚೋರ್ಲಾ ಘಟ್ಟದಿಂದ ಗೋವಾ. ಮೂರನೆಯದು ವೆಂಗುರ್ಲಾ ರಸ್ತೆ ಹಿಡಿದು ಅಂಬೋಲಿ, ಸಾವಂತವಾಡಿ, ಆಮೇಲೆ ವೆಂಗುರ್ಲಾ ಕಡಲು. ಮಕ್ಕಳು, ವಯಸ್ಸಾದವರು ಇದ್ದರೆ ಮೊದಲನೆಯದೇ ಇರಲಿ. ಒಂದೇ ರಾಜ್ಯ, ಪರ್ಮಿಟ್ ತಂಟೆ ಇಲ್ಲ. ಬೇರೆ ಎರಡಕ್ಕೆ ಹೋಗುವುದಾದರೆ ಗಾಡಿಯವರಿಗೆ ಹೊರರಾಜ್ಯದ ಪರ್ಮಿಟ್ ಇದೆಯಾ ಎಂದು ಕೇಳಿ, ಕಾಗದ ಕಣ್ಣಾರೆ ನೋಡಿ. ಗೋವಾದ ಬೀಚಿನಲ್ಲಿ ಬಯಲಲ್ಲಿ ಒಲೆ ಹಚ್ಚಿ ಅಡುಗೆ ಮಾಡಿದರೆ ದಂಡ ಕಟ್ಟಬೇಕಾಗುತ್ತದೆ, ಅದೂ ನೆನಪಿರಲಿ.

ಮೊದಲು ಘಟ್ಟ, ಆಮೇಲೆ ಕಡಲು. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಗಣೇಶಗುಡಿ ಕಡೆ ಇರುತ್ತೀರಿ. ಘಟ್ಟ ಇಳಿಯುವ ಕೆಲಸ ಇನ್ನೊಂದು ದಿನ ಬೆಳಿಗ್ಗೆ, ಡ್ರೈವರ್ ನಿದ್ದೆ ಮಾಡಿ ಎದ್ದ ಮೇಲೆ. ಭಾರದ ಗಾಡಿಯನ್ನು ಸಂಜೆ ಮಬ್ಬಿನಲ್ಲಿ ತಿರುವುಗಳಲ್ಲಿ ಇಳಿಸುವ ಅವಸರ ಯಾಕೆ?

ತಿಂಗಳು: ನವೆಂಬರಿನಿಂದ ಫೆಬ್ರುವರಿ. ಮಳೆಗಾಲದಲ್ಲಿ ಬೇಡ, ಅಷ್ಟೇ.

ಫೋನಿನಲ್ಲಿ ಏನು ಕೇಳಬೇಕು

"ಎಲ್ಲಾ ಸೌಲಭ್ಯ ಇದೆಯಾ?" ಎಂದು ಜಾಗದವರನ್ನು ಕೇಳಲೇಬೇಡಿ. "ಎಲ್ಲಾ ಇದೆ, ಬನ್ನಿ" ಎಂಬ ಉತ್ತರ ತಯಾರೇ ಇರುತ್ತದೆ. ನಾನು ಕೇಳುವುದು ಬೇರೆ. "ನಿಮ್ಮ ಗೇಟಿನ ತನಕ ಶಾಲೆ ಟ್ರಿಪ್ಪಿನ ಬಸ್ಸು ಬಂದಿದೆಯಾ?" ಬಸ್ಸು ಬಂದಿದ್ದರೆ ಕ್ಯಾರವಾನೂ ಬರುತ್ತದೆ. ಬಸ್ಸು ಮೇನ್ ರೋಡಿನಲ್ಲೇ ನಿಲ್ಲುತ್ತದೆ ಅಂದರೆ ಒಳದಾರಿಯಲ್ಲಿ ಜಗ್ಗಿದ ವೈರು, ಅಡ್ಡ ಕೊಂಬೆ, ಇಲ್ಲವೇ ಎರಡು ಕಂಪೌಂಡಿನ ನಡುವಿನ ಕಿರಿದಾದ ತಿರುವು ಇದೆ ಎಂದರ್ಥ. ನಮ್ಮ ಗಾಡಿ ಇಪ್ಪತ್ತಡಿಗಿಂತ ಉದ್ದ. ಮೇಲೆ ಕೂರಿಸಿದ ಎಸಿ ಸೇರಿಸಿದರೆ ಹತ್ತಡಿ ಎತ್ತರ. ಕಾರು ಹೋದಲ್ಲೆಲ್ಲ ಅದು ಹೋಗುವುದಿಲ್ಲ. ಕೊನೆಯ ಅರ್ಧ ಕಿಲೋಮೀಟರ್ ದಾರಿಯ ವಿಡಿಯೊ ಕಳಿಸಿ ಎನ್ನಿ. ಕಳಿಸದವರ ಜಾಗ ಬಿಟ್ಟುಬಿಡಿ.

ಎರಡನೆಯದು ನೀರು. "ನೀರಿದೆ" ಅಂದರೆ ಸಾಲದು. ಗಾಡಿಯ ಟ್ಯಾಂಕ್ ತುಂಬಿಸಲು ಪೈಪು ಇದೆಯಾ, ಬಾವಿಯ ನೀರು ಉಪ್ಪಾ ಸಿಹಿಯಾ ಕೇಳಿ. ಕಡಲ ಪಕ್ಕದ ಬಾವಿಗಳಲ್ಲಿ ಬೇಸಿಗೆ ಬರುತ್ತಿದ್ದಂತೆ ಉಪ್ಪು ಏರುತ್ತದೆ. ನಾವು ಕುಡಿಯಲು, ಬೇಳೆ ಬೇಯಿಸಲು ಮನೆಯಿಂದಲೇ ನೀರಿನ ಕ್ಯಾನು ಒಯ್ಯುತ್ತೇವೆ. ಉಪ್ಪು ನೀರಿನಲ್ಲಿ ಬೇಳೆ ಬೇಯುವ ಹೊತ್ತಿಗೆ ಗ್ಯಾಸೇ ಮುಗಿದಿರುತ್ತದೆ.

ಮೂರನೆಯದು ಯಾರೂ ಕೇಳದ ಪ್ರಶ್ನೆ. ಸಂಡಾಸಿನ ಟ್ಯಾಂಕ್ ಎಲ್ಲಿ ಖಾಲಿ ಮಾಡುವುದು? ಜಾಗದವರ ಸೆಪ್ಟಿಕ್ ಟ್ಯಾಂಕಿಗೆ ಸುರಿಯಲು ಒಪ್ಪಬೇಕು. ಒಂದು ಕಡೆ "ಹಿಂದೆ ಹಳ್ಳ ಅದೆಯಲ್ಲ" ಅಂದರು. ಆ ಹಳ್ಳದ ಕೆಳಗೇ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ನಾವು ಅಲ್ಲಿ ನಿಲ್ಲಲಿಲ್ಲ.

ಕಡಲ ದಂಡೆ: ಎಲ್ಲರೂ ಎಡವುವುದು ಇಲ್ಲೇ

ಇದನ್ನು ನಿಧಾನವಾಗಿ ಓದಿ.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಉಬ್ಬರ, ಇಳಿತ. ಬೆಳಗಾವಿಯಲ್ಲಿ ಮರಾಠಿ ಕಿವಿಗೆ ಬಿದ್ದವರಿಗೆ ಭರತಿ, ಓಹೋಟಿ. ಏರಿದ ನೀರು ಪೂರ್ತಿ ಇಳಿಯಲು ಸುಮಾರು ಆರು ತಾಸು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರೂ ಜಾಸ್ತಿ, ಇಳಿತವೂ ಜಾಸ್ತಿ. ಅಷ್ಟಮಿ ಹೊತ್ತಿಗೆ ಎರಡೂ ಕಡಿಮೆ.

ಮೋಸ ಇರುವುದು ಹೊತ್ತಿನಲ್ಲಿ. ಕಾರವಾರ, ಗೋಕರ್ಣದ ಕಡೆ ಹುಣ್ಣಿಮೆ, ಅಮಾವಾಸ್ಯೆಗೆ ಉಬ್ಬರ ಬರುವುದು ಹೆಚ್ಚುಕಡಿಮೆ ನಡುಮಧ್ಯಾಹ್ನಕ್ಕೆ, ಮತ್ತೆ ನಡುರಾತ್ರಿಯ ಸುಮಾರಿಗೆ. ಅಂದರೆ ಸಂಜೆ ಐದಾರು ಗಂಟೆಗೆ ಕಡಲು ಎಲ್ಲಕ್ಕಿಂತ ಕೆಳಗಿರುತ್ತದೆ. ನಾವು ಊರಿಂದ ಬಂದು ಇಳಿಯುವುದೂ ಅದೇ ಹೊತ್ತಿಗೆ! ಬೀಚು ಅಗಲವಾಗಿ, ಖಾಲಿಯಾಗಿ, ಗಟ್ಟಿಯಾಗಿ ಕಾಣುತ್ತದೆ. ಆ ಮರಳು ಗಟ್ಟಿಯಾಗಿರುವುದು ಈಗತಾನೇ ನೀರಿನಡಿಯಿಂದ ಎದ್ದಿರುವುದಕ್ಕೆ. ಬೆಳದಿಂಗಳ ಊಟದ ಆಸೆಗೆ ನಾವು ಹುಣ್ಣಿಮೆಯನ್ನೇ ಆರಿಸುತ್ತೇವೆ ಬೇರೆ.

ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ರಾತ್ರಿ ಹನ್ನೊಂದಕ್ಕೆ ಇದ್ದರೆ ನಾಳೆ ಹನ್ನೊಂದು ಐವತ್ತಕ್ಕೆ. ಮೊಬೈಲಿನಲ್ಲಿ ಉಬ್ಬರದ ವೇಳೆ ತೋರಿಸುವ ಆ್ಯಪ್‌ಗಳಿವೆ, ನೋಡಿಕೊಳ್ಳಿ. ಆದರೆ ಅವು ನಿಮ್ಮ ಗಾಡಿಯ ಚಕ್ರದ ತನಕ ನೀರು ಬರುತ್ತದಾ ಎಂದು ಹೇಳುವುದಿಲ್ಲ. ಅದನ್ನು ನೆಲವನ್ನೇ ನೋಡಿ ತಿಳಿಯಬೇಕು.

ಗಾಡಿ ಮೇಲೆ ರಸ್ತೆಯಲ್ಲೇ ನಿಲ್ಲಿಸಿ. ಇಳಿದು ನಡೆಯಿರಿ. ನೀರಿನ ಅಂಚಿನಿಂದ ಹಿಂದಕ್ಕೆ ಬರುತ್ತಾ ಹೋದರೆ ಒಂದು ಕಸದ ಗೆರೆ ಸಿಗುತ್ತದೆ. ಒಣಗಿದ ಪಾಚಿ, ತೆಂಗಿನ ಕರಟ, ಕಡ್ಡಿ, ಹರಿದ ಚಪ್ಪಲಿ, ಬಾಟಲಿ ಮುಚ್ಚಳ. ಅದು ಹಿಂದಿನ ಉಬ್ಬರ ಬಿಟ್ಟು ಹೋದದ್ದು. ಅಲ್ಲಿಗೇ ನಿಲ್ಲಬೇಡಿ. ಇನ್ನೂ ಹಿಂದೆ ಇನ್ನೊಂದು ಗೆರೆ ಇರಬಹುದು, ಹಳೆಯದು, ಮರಳಿನಲ್ಲಿ ಅರ್ಧ ಮುಚ್ಚಿಕೊಂಡದ್ದು. ಅದು ದೊಡ್ಡ ಉಬ್ಬರದ್ದು. ನಿಮಗೆ ಲೆಕ್ಕಕ್ಕೆ ಬೇಕಾದದ್ದು ಅದೇ. ಅದರ ಹಿಂದೆ ಆಡಿನ ಗೊರಸಿನಂಥ ಸೀಳೆಲೆಯ, ನೇರಳೆ ಹೂವಿನ ಬಳ್ಳಿ ಮರಳಿನ ಮೇಲೆ ಹಬ್ಬಿರುತ್ತದೆ. ದಿನಾ ಉಪ್ಪು ನೀರು ನಿಲ್ಲುವಲ್ಲಿ ಆ ಬಳ್ಳಿ ಹಬ್ಬುವುದಿಲ್ಲ. ಆ ಬಳ್ಳಿಯನ್ನೂ ದಾಟಿ, ಗಾಳಿ ಮರಗಳ ಸಾಲಿನ ಹಿಂದೆ, ಗಟ್ಟಿ ನೆಲದ ಮೇಲೆ ಗಾಡಿ ಇರಬೇಕು. ಬಳ್ಳಿಯ ಮೇಲೆ ಮಾತ್ರ ಹತ್ತಿಸಬೇಡಿ, ಮರಳು ಹಿಡಿದಿಟ್ಟುಕೊಂಡಿರುವುದೇ ಅದು.

ಇನ್ನೊಂದು ಗುರುತು ಮೀನುಗಾರರ ದೋಣಿ. ದೋಣಿಗಳು ನಿಮಗಿಂತ ಮೇಲೆ ನಿಂತಿದ್ದರೆ ನಿಮ್ಮ ಜಾಗ ತಪ್ಪು. ಅವರನ್ನೇ ಕೇಳಿದರೆ ಇನ್ನೂ ಒಳ್ಳೆಯದು. ಬಲೆ ಹೆಣೆಯುತ್ತಾ ಕೂತ ಒಬ್ಬ ಅಜ್ಜ ನಮ್ಮ ಯಜಮಾನರನ್ನು ಕರೆದು, ಮರಳಿನ ಮೇಲೆ ಕಾಲಿಂದ ಗೆರೆ ಎಳೆದು, "ನಾಳೆ ಅಮಾಸೆ, ಇಲ್ಲಿವರೆಗೆ ಬತ್ತದೆ" ಅಂದರು. ಮರುದಿನ ರಾತ್ರಿ ಟಾರ್ಚ್ ಹಿಡಿದು ಹೋಗಿ ನೋಡಿದೆವು. ಗೆರೆ ಹಾಕಿದ ಜಾಗದಲ್ಲೇ ನೊರೆ ಬಂದು ನಿಂತಿತ್ತು.

ಮರಳಿನಲ್ಲಿ ಸಿಕ್ಕಿಕೊಂಡರೆ ರೇಸ್ ಕೊಡಬೇಡಿ. ಎಲ್ಲರೂ ಇಳಿಯಿರಿ. ಟೈರಿನ ಗಾಳಿ ಸ್ವಲ್ಪ ಇಳಿಸಿ, ಚಕ್ರದ ಮುಂದೆ ಮರಳು ತೋಡಿ, ಗೋಣಿಚೀಲ ಹಾಸಿ ಗಾಡಿ ನಿಧಾನ ಮುಂದೆ ಬಿಡಿ. ಮಣ್ಣು ರಸ್ತೆಗೆ ಬಂದ ಮೇಲೆ ಗಾಳಿ ತುಂಬಿಸುವುದು ಮರೆಯಬೇಡಿ. ಇದಕ್ಕೇ ಎಂದು ಆನ್‌ಲೈನಿನಲ್ಲಿ ಮಾರುವ ಬಣ್ಣದ ಪ್ಲಾಸ್ಟಿಕ್ ಹಲಗೆ ತಂದಿದ್ದೆವು. ಮೊದಲ ಸಲಕ್ಕೇ ನಡುವೆ ಮುರಿಯಿತು. ರವಿವಾರ ಪೇಟೆಯಲ್ಲಿ ನಾಲ್ಕು ಗೋಣಿಚೀಲ ತಗೊಳ್ಳಿ, ಸಾಕು.

ಗಾಳಿಯದೂ ಒಂದು ಲೆಕ್ಕ. ಹಗಲು ಗಾಳಿ ಕಡಲಿಂದ ನೆಲಕ್ಕೆ, ರಾತ್ರಿ ನೆಲದಿಂದ ಕಡಲಿಗೆ. ಹಾಗಾಗಿ ನಿಮ್ಮ ಮುಂದೆ ಏನಿದೆ ಎನ್ನುವುದಕ್ಕಿಂತ ಬೆನ್ನ ಹಿಂದೆ ಏನಿದೆ ನೋಡಿ. ಹಿಂದೆ ನಿಂತ ಹಿನ್ನೀರಿದ್ದರೆ ರಾತ್ರಿಯಿಡೀ ಸೊಳ್ಳೆ. ಮೀನು ಒಣಗಿಸುವ ಬಯಲಿದ್ದರೆ, ನಮ್ಮತ್ತೆಯಂಥ ಶುದ್ಧ ಶಾಕಾಹಾರಿಗಳ ಕಥೆ ಕೇಳಬೇಡಿ. ಸೊಳ್ಳೆಗೆಂದು ಕೈಗೆ ಕಟ್ಟುವ ಪಟ್ಟಿ ಕೊಳ್ಳಬೇಡಿ, ದುಡ್ಡು ದಂಡ. ಮನೆಯ ಸೊಳ್ಳೆ ಪರದೆಯೇ ವಾಸಿ. ತೆಂಗಿನ ಮರದ ಕೆಳಗೆ ಗಾಡಿ ಬೇಡವೇ ಬೇಡ. ಯಾಕೆ ಅಂತ ಹೇಳಬೇಕಾಗಿಲ್ಲ ಅಲ್ವಾ?

ಸ್ವಚ್ಛ ಬೀಚು ಬೇಕೆನ್ನುವವರು ಹೊನ್ನಾವರದ ಕಾಸರಕೋಡಕ್ಕೆ ಹೋಗಿ. 2020ರಲ್ಲಿ ಅದಕ್ಕೆ ಬ್ಲೂ ಫ್ಲ್ಯಾಗ್ ಎಂಬ, ಸ್ವಚ್ಛ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು. ನಾನು ಅಲ್ಲಿ ಹಗಲು ಕಳೆದು, ರಾತ್ರಿಗೆ ಬೇರೆ ಕಡೆ ಹೋಗುವ ಪೈಕಿ.

ಕಾಳಿ ನದಿಯ ದಂಡೆ

ಗಣೇಶಗುಡಿ, ದಾಂಡೇಲಿ ಕಡೆ ಎಲ್ಲರಿಗೂ ನೀರಿನ ಪಕ್ಕವೇ ಬೇಕು. ಕಾಳಿಯಲ್ಲಿ ಮಳೆ ಬರದಿದ್ದರೂ ನೀರು ಏರುತ್ತದೆ. ಮೇಲೆ ಸೂಪಾ ಅಣೆಕಟ್ಟಿದೆ, 101 ಮೀಟರ್ ಎತ್ತರದ್ದು. ಕರೆಂಟು ಮಾಡಲು ನೀರು ಬಿಟ್ಟಾಗ ಕೆಳಗಿನ ಬಂಡೆಗಳು ನೋಡನೋಡುತ್ತಲೇ ಮುಳುಗುತ್ತವೆ. ರಾಫ್ಟಿಂಗ್ ನಡೆಯುವುದೂ ಆ ನೀರಿನ ಮೇಲೆಯೇ. ನೀರು ಬಿಡುವ ಹೊತ್ತನ್ನು ರಾಫ್ಟಿಂಗಿನವರನ್ನು ಕೇಳಿ ತಿಳಿದುಕೊಳ್ಳಿ. ದಂಡೆಯ ಗಿಡಗಳ ಕೊಂಬೆಗೆ ಒಣ ಹುಲ್ಲು, ಪ್ಲಾಸ್ಟಿಕ್ ಸಿಕ್ಕಿಕೊಂಡಿದ್ದರೆ ನೀರು ಅಷ್ಟೆತ್ತರ ಬಂದಿದೆ ಎಂದರ್ಥ. ಗಾಡಿ ಅದಕ್ಕಿಂತ ಮೇಲಿರಲಿ. ಮಕ್ಕಳು ನೀರಿನ ನಡುವಿನ ಬಂಡೆಗೆ ಹೋಗಲೇಬಾರದು.

ಘಟ್ಟದ ಮೇಲೆ

ಇಲ್ಲಿ ನಾನು ಮೊದಲು ನೋಡುವುದು ನೆಲದ ಬಣ್ಣ. ಕೆಂಪು ಮಣ್ಣಿನ ಇಳಿಜಾರು ಒಣಗಿದ್ದಾಗ ಸಿಮೆಂಟಿನಂತೆ. ಒಂದು ಅಕಾಲ ಮಳೆ ಬಿದ್ದರೆ ಸಾಬೂನು. ಜಂಬಿಟ್ಟಿಗೆ ಕಲ್ಲಿನ ನೆಲ ಸಿಕ್ಕರೆ ಕಣ್ಣು ಮುಚ್ಚಿ ಒಪ್ಪಿಕೊಳ್ಳಿ. ಆಮೇಲೆ ತಲೆ ಎತ್ತಿ ಒಣ ಕೊಂಬೆಗಳನ್ನು ನೋಡಿ.

ಡಿಸೆಂಬರಿನಿಂದ ಮೇ ತನಕ ಇನ್ನೊಂದು ಎಚ್ಚರ ಬೇಕು. ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಕಾಯಿಲೆ ಉತ್ತರ ಕನ್ನಡದಲ್ಲೂ ಇದೆ. ಚೋರ್ಲಾ ಇಳಿದರೆ ಸಿಗುವ ಗೋವಾದ ಸತ್ತರಿ ಭಾಗದಲ್ಲೂ ಕಾಣಿಸಿಕೊಂಡಿದೆ. ಹರಡುವುದು ಉಣ್ಣೆ ಹುಳದಿಂದ. "ಈ ಕಡೆ ಮಂಗ ಸತ್ತಿವೆಯಾ?" ಎಂದು ಊರವರನ್ನು ನೇರವಾಗಿ ಕೇಳಿ. ಹೌದು ಅಂದರೆ ಆ ಜಾಗ ಬೇಡ. ಇಲ್ಲ ಅಂದರೂ ಒಣ ಎಲೆಯ ಮೇಲೆ ಚಾಪೆ ಹಾಸಬೇಡಿ, ಸಂಜೆ ಮಕ್ಕಳ ಮೈ ನೋಡಿ ಸ್ನಾನ ಮಾಡಿಸಿ. ಕಾಳಿ ಹುಲಿ ಕಾಡಿನ ಒಳಗೆ ಎಲ್ಲೆಂದರಲ್ಲಿ ಗಾಡಿ ನಿಲ್ಲಿಸಿ ಮಲಗುವ ಯೋಚನೆಯೂ ಬೇಡ. ಜನ ಇರುವ, ಬೇಲಿ ಇರುವ ಹೋಮ್‌ಸ್ಟೇ ಅಂಗಳವೇ ಸರಿ.

ಚಳಿ ಅಂತ ಗಾಡಿಯ ಕಿಟಕಿ ಮುಚ್ಚಿ ಒಳಗೆ ಶೆಗಡಿಯನ್ನೋ ಗ್ಯಾಸ್ ಒಲೆಯನ್ನೋ ಹಚ್ಚಿಟ್ಟು ಮಲಗುವವರನ್ನು ನೋಡಿದ್ದೇನೆ. ಆ ಗಾಳಿ ವಾಸನೆ ಇಲ್ಲದ ವಿಷ. ಎರಡು ಕೌದಿ ಜಾಸ್ತಿ ಹಾಕಿಕೊಳ್ಳಿ.

ಗಾಡಿ ಹಚ್ಚುವಾಗ

ಮೂತಿ ಹೊರದಾರಿಗೆ ಇರುವಂತೆ ರಿವರ್ಸ್ ಹಾಕಿಸಿ. ನಡುರಾತ್ರಿ ಹೊರಡಬೇಕಾಗಿ ಬಂದರೆ ತಿರುಗಿಸುವ ಗೋಳು ಇರುವುದಿಲ್ಲ.

ಕರೆಂಟಿಗೆ 16 ಆಂಪಿಯರಿನ ಪಾಯಿಂಟ್ ಬೇಕು. ಕಡಲ ಪಕ್ಕದ ಸಾಕೆಟ್ಟುಗಳು ಉಪ್ಪುಗಾಳಿಗೆ ತುಕ್ಕು ಹಿಡಿದಿರುತ್ತವೆ, ಟೆಸ್ಟರ್ ಹಚ್ಚಿ ನೋಡಿ. ಎಕ್ಸ್‌ಟೆನ್ಷನ್ ವೈರನ್ನು ಸುರುಳಿಯಲ್ಲೇ ಬಿಟ್ಟು ಎಸಿ ಹಾಕಬೇಡಿ. ಸುರುಳಿ ಕಾದು ಕರಗುತ್ತದೆ. ಪೂರ್ತಿ ಬಿಚ್ಚಿ ಹಾಸಿ.

ಕೊನೆಗೆ ನೆಲ ಸಮ ಇದೆಯಾ ನೋಡಬೇಕು. ಅದಕ್ಕೆ ಯಾವ ಉಪಕರಣವೂ ಬೇಡ. ಹೊರಡುವಾಗ ಚಕ್ರದಡಿ ಇಡಲು ತಂದ ನಿಂಬೆಹಣ್ಣಿನಲ್ಲಿ ಒಂದು ಉಳಿಸಿಕೊಳ್ಳಿ. ಗಾಡಿಯ ಒಳಗೆ ನಡುವಿನ ಓಣಿಯಲ್ಲಿಡಿ. ಉರುಳಿದ ಕಡೆಯ ಚಕ್ರದಡಿ ಹಲಗೆ ಕೊಟ್ಟು ಎತ್ತಿ. ಸ್ವಲ್ಪ ಓರೆ ಉಳಿದೇ ಉಳಿಯುತ್ತದೆ ಅಂದರೆ ತಲೆದಿಂಬು ಎತ್ತರದ ಕಡೆಗಿರಲಿ. ನನ್ನ ಮಗಳಿಗೆ ಈಗ ಇದೇ ಆಟ. ಗಾಡಿ ನಿಂತ ಕೂಡಲೇ ನಿಂಬೆಹಣ್ಣು ಹಿಡಿದು ಒಳಗೆ ಓಡುತ್ತಾಳೆ, "ಅಪ್ಪಾ, ಎಡಕ್ಕ ಹೊಂಟೈತಿ" ಅಂತ ಕೂಗುತ್ತಾಳೆ. ಅವರು ಹಲಗೆ ಹುಡುಕಲು ಹೋಗುತ್ತಾರೆ. ಅಷ್ಟರಲ್ಲಿ ನಾನು ಚಹಾಕ್ಕೆ ಇಡುತ್ತೇನೆ.